ನಾನು ಬರುವತನಕ ಮುಟ್ಟಬೇಡಿ

ಗಲಗಲಿಯ ಹೊಳೆದಂಡೆಯಲ್ಲಿ ನಮ್ಮ ಒಂಬತ್ತು ಮನೆಗಳಿಗೆ ಸೇರಿ ಒಂದೇ ಮೋಟಾರಿತ್ತು. ಕೃಷ್ಣೆಯ ನೀರನ್ನು ಮೇಲಿನ ಹೊಲಗಳಿಗೆ ಎತ್ತುವುದು ಅದರ ಕೆಲಸ, ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದು ಹೋದರೆ ಒಂಬತ್ತೂ ಮನೆಯ ಕಬ್ಬಿಗೆ ನೀರಿಲ್ಲ. ಮಳೆಗಾಲದಲ್ಲಿ ಹೊಳೆ ಏರಿತೆಂದರೆ ಬೋಲ್ಟು ಬಿಚ್ಚಿ, ಹಗ್ಗ ಕಟ್ಟಿ, ಟ್ರ್ಯಾಕ್ಟರಿನಿಂದ ಮೋಟಾರನ್ನು ದಂಡೆಯ ಮೇಲಕ್ಕೆ ಎಳೆದುಕೊಳ್ಳಬೇಕು. ನೀರು ಇಳಿದ ಮೇಲೆ ಮತ್ತೆ ಕೂರಿಸಬೇಕು. ಹೊಳೆಸಾಲಿನ ಎಲ್ಲ ಊರುಗಳಲ್ಲೂ ಇದು ಇದ್ದದ್ದೇ. ಬೇರೆ ಕಡೆ ಯಾರು ಹತ್ತಿರವಿರುತ್ತಾರೋ ಅವರು ಬೋಲ್ಟು ಬಿಚ್ಚುವ ಪಾನಾ ಹಿಡಿಯುತ್ತಾರೆ. ನಮ್ಮಲ್ಲಿ ಮಾತ್ರ ನಾನೇ ಹಿಡಿಯಬೇಕು.

ಹಾಗೆ ಮಾಡಿಟ್ಟವನೂ ನಾನೇ. ಒಂದು ಮಳೆಗಾಲದಲ್ಲಿ ಚಿಕ್ಕಪ್ಪನ ಮಗ ನನ್ನನ್ನು ಕೇಳದೆ ಎರಡು ಬೋಲ್ಟು ಬಿಚ್ಚಿದ. ಅದರಲ್ಲೊಂದು ಜಾರಿ ಹೊಳೆಗೆ ಬಿತ್ತು. ಹೋದದ್ದು ಒಂದು ಬೋಲ್ಟು ಅಷ್ಟೆ. ನಾನು ಎಲ್ಲರೆದುರು ಅವನ ಕೈಯಿಂದ ಪಾನಾ ಕಸಿದುಕೊಂಡು, “ನಿನಗೇನ್ ಬರತೈತಲೇ? ಬುತ್ತಿ ಉಣ್ಣಾಕ ಬಂದಿಯೇನು?” ಎಂದೆ. ಉಳಿದವರು ನಕ್ಕರು. ಅವನು ಅಂಗಿಗೆ ಕೈ ಒರೆಸಿಕೊಂಡು ಹಿಂದೆ ಸರಿದ. ಅಂದಿನಿಂದ ಯಾರೂ ಮುಂದೆ ಬರಲಿಲ್ಲ, ನಾನು ಅದನ್ನೇ ಗೌರವವೆಂದು ತಿಳಿದೆ. ಚಹಾದಂಗಡಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತು, “ನಾ ಇಲ್ಲಂದ್ರ ಈ ಮಂದಿಗೆ ಏನೂ ಬರಂಗಿಲ್ಲ” ಎಂದು ಹೇಳಿಕೊಳ್ಳುತ್ತಿದ್ದೆ. ತನ್ನ ಬೆನ್ನು ತನಗೆ ಕಾಣದು.

ಮರುವರ್ಷ ಶ್ರಾವಣದಲ್ಲಿ ಬನಹಟ್ಟಿಯ ಅಕ್ಕನ ಮನೆಯಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಎಲೆಯ ಮುಂದೆ ಕೂತಿದ್ದೆ, ಎರಡನೆಯ ಹೋಳಿಗೆ ಬೀಳುವಾಗ ಫೋನು ಬಂತು. ಪಕ್ಕದ ಮನೆಯ ಪವರ್‌ಲೂಮಿನ ಸದ್ದಿಗೆ ಏನೂ ಕೇಳಿಸದೆ, ಎಂಜಲಗೈಯಲ್ಲೇ ಓಣಿಯ ತುದಿಗೆ ಬಂದೆ. ಚಿಕ್ಕಪ್ಪನ ಮಗ.

“ಅಣ್ಣಾ, ನೀರು ಭಾಳ ಜೋರ್ ಏರಾಕತ್ತೈತಿ. ಮೋಟಾರಿಗೆ ಇನ್ನ ಎರಡು ಮೊಳ ಅಷ್ಟ ಐತಿ. ಬಿಚ್ಚೂನೇನು?”

“ಯಾರೂ ಕೈ ಹಚ್ಚಬ್ಯಾಡ್ರಿ. ನಾ ಹೊಂಟೀನಿ.”

“ನೀ ಬರೂದು ತಡಾ ಆದ್ರ?”

“ಒಮ್ಮೆ ಹೇಳಿದ್ರ ತಿಳಿಯಂಗಿಲ್ಲೇನು? ನಾ ಬರೂತನಕಾ ಮುಟ್ಟಬ್ಯಾಡ್ರಿ!”

“ಆತು” ಎಂದು ಫೋನಿಟ್ಟ.

ಬೈಕು ಹತ್ತಿದೆ. ಜಮಖಂಡಿ ದಾಟಿದ ಮೇಲೆ ಹಳ್ಳದ ನೀರು ರಸ್ತೆಗೆ ಬಂದಿತ್ತು. ಆ ಬದಿಯ ಗಾಡಿಗಳು ಆ ಬದಿಗೆ, ಈ ಬದಿಯವು ಈ ಬದಿಗೆ. ಸ್ವಲ್ಪ ಹೊತ್ತು ನೋಡಿ, ಬೈಕು ತಿರುಗಿಸಿ ಮುಧೋಳದ ಕಡೆಯಿಂದ ಸುತ್ತು ಹಾಕಿ ಹೊರಟೆ. ಎಷ್ಟು ಓಡಿಸಿದರೂ ದಾರಿ ಸಾಗಲೊಲ್ಲದು. ಎರಡು ಮೊಳ, ಎರಡು ಮೊಳ ಎಂದು ಬಾಯಿ ತಾನೇ ಅನ್ನುತ್ತಿತ್ತು. ಅರ್ಧ ದಾರಿಯಲ್ಲಿ ನನಗೆ ಖಾತ್ರಿಯಾಯಿತು: ನಾನು ಹೊತ್ತಿಗೆ ತಲುಪುವುದಿಲ್ಲ. ಗಾಡಿ ನಿಲ್ಲಿಸಿ ಫೋನು ಹಚ್ಚಿದೆ. ಹತ್ತಲಿಲ್ಲ. ಇನ್ನೊಬ್ಬನಿಗೆ ಹಚ್ಚಿದೆ, ಮತ್ತೊಬ್ಬನಿಗೆ ಹಚ್ಚಿದೆ. ರೇಂಜೇ ಇಲ್ಲ. ಬದುವಿನ ಮೇಲೆ ಹತ್ತಿ ಫೋನನ್ನು ಮೇಲಕ್ಕೆ ಹಿಡಿದು ನೋಡಿದೆ. “ಬಿಚ್ಚರ್ಯೋ, ನನ್ನ ದಾರಿ ನೋಡಬ್ಯಾಡ್ರಿ, ಬಿಚ್ಚರಿ!” ಎಂದು ಸತ್ತ ಫೋನಿಗೆ ಕೂಗಿದೆ. ಹೊಲದಲ್ಲಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು. ನನಗೆ ಅಳು ಬಂದಿತ್ತು.

ಯಾರಾದರೂ ನನ್ನ ಮಾತು ಮೀರಲಿ, ಶಿವನೇ, ಒಬ್ಬನಾದರೂ ಮೀರಲಿ ಎಂದು ಬೇಡಿಕೊಳ್ಳುತ್ತಾ ಉಳಿದ ದಾರಿ ಸವೆಸಿದೆ. ಮಾತು ಮೀರಿದವನನ್ನು ಅಪ್ಪಿಕೊಳ್ಳುತ್ತೇನೆ, ಊರೆದುರು ಅವನ ಕಾಲಿಗೆ ಬೇಕಾದರೂ ಬೀಳುತ್ತೇನೆ ಅಂದುಕೊಂಡೆ.

ದಂಡೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಉಳಿದ ಮನೆಗಳ ಎಂಟು ಜನ ಅಲ್ಲೇ ಇದ್ದರು. ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ನಿಲ್ಲಿಸಿದ್ದರು. ಅದಕ್ಕೆ ಹಗ್ಗ ಬಿಗಿದಿದ್ದರು. ಗೋಣಿಚೀಲದ ಮೇಲೆ ಪಾನಾಗಳನ್ನು ಸಾಲಾಗಿ ಜೋಡಿಸಿ, ಮಳೆಗೆ ನೆನೆಯದಂತೆ ಮೇಲೊಂದು ತಾಡಪತ್ರಿ ಹೊದಿಸಿದ್ದರು. ನನ್ನ ಕೈಗೆ ಎಲ್ಲವೂ ಸಿದ್ಧವಾಗಿತ್ತು. ಮೋಟಾರು ಮಾತ್ರ ಕಾಣಲಿಲ್ಲ. ಅದಿದ್ದ ಜಾಗದಲ್ಲಿ ಕೆಂಪು ನೀರು ಸುಳಿ ತಿರುಗುತ್ತಿತ್ತು.

ಚಪ್ಪಲಿ ಸಮೇತ ಇಳಿದೆ. ಸೊಂಟದವರೆಗೆ ನೀರು ಬಂತು, ಸೆಳೆತಕ್ಕೆ ಕಾಲು ನೆಲ ಬಿಟ್ಟಿತು. ಚಿಕ್ಕಪ್ಪನ ಮಗನೇ ಹಾರಿ ಬಂದು ಅಂಗಿ ಹಿಡಿದು ಎಳೆದ. ಕೆಸರಿನಲ್ಲಿ ಕೂತು ಬಾಯಿಗೆ ಬಂದಂತೆ ಬೈದೆ. ದಾರಿಯುದ್ದಕ್ಕೂ ಬೇಡಿಕೊಂಡದ್ದೆಲ್ಲ ಎಲ್ಲಿ ಹೋಯಿತೋ.

“ಎಂಟ ಮಂದಿ ಇದ್ದೀರಿ! ಕಣ್ಣಮುಂದ ಮುಳುಗಾಕತ್ತಿದ್ರ ಒಬ್ಬರಿಗಾದ್ರೂ ಬಿಚ್ಚಬೇಕು ಅನಸಲಿಲ್ಲೇನು?”

ಚಿಕ್ಕಪ್ಪ ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಟವೆಲಿನಿಂದ ನನ್ನ ಮುಖ ಒರೆಸಿದರು.

“ಅನಸಿತ್ತೋ ತಮ್ಮಾ. ಪಾನಾ ಹಿಡದು ಕೆಳಗ ಇಳಿದೂ ಇದ್ದಿವಿ. ಆದ್ರ ನಮಗ ಬರಂಗಿಲ್ಲಲ್ಲ ಅಂತ ಮತ್ತ ಮ್ಯಾಲ ಬಂದಿವಿ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನನ್ನು ಚುಚ್ಚಬೇಕೆಂದೂ ಹೇಳಿರಲಿಲ್ಲ. ಅವರು ಅದನ್ನು ನಂಬಿದ್ದರು.