ಕಪ್ ಇರುವ ಮನೆಯಲ್ಲಿ ಊಟ

ನಾನು ಹುಬ್ಬಳ್ಳಿಯ ಕಮರಿಪೇಟೆಯಿಂದ ಧಾರವಾಡಕ್ಕೆ ಸೊಸೆಯಾಗಿ ಬಂದ ಮೂರನೇ ತಿಂಗಳಿಗೆ ನಮ್ಮ ಹುಬ್ಬಳ್ಳಿ ಫುಟ್ಬಾಲ್ ತಂಡ ಧಾರವಾಡದವರ ಕೈಯಲ್ಲಿ ಸೋತು ಕಪ್ ಕಳೆದುಕೊಂಡಿತು. "ಒಂದ ವರ್ಷದಾಗ ಮಗಳೂ ಹೋದ್ಲು, ಕಪ್ಪೂ ಹೋತು. ಎರಡೂ ಒಂದ ಮನೀಗೆ" ಎಂದ ನಮ್ಮಪ್ಪ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. "ಆ ಕಪ್ ಇರೂತನಕ ಆ ಮನಿ ಹೊಸ್ತಿಲಾ ತುಳಿಯಂಗಿಲ್ಲ" ಎಂದೂ ಸೇರಿಸಿದ. ಸಿಟ್ಟಿನ ಮಾತು, ನಾಲ್ಕು ದಿನಕ್ಕೆ ಆರುತ್ತದೆ ಎಂದು ಅವ್ವ ಹೇಳಿದಳು. ಅವ್ವನಿಗೆ ಫುಟ್ಬಾಲ್ ತಿಳಿಯುವುದಿಲ್ಲ. ಏಳು ವರ್ಷ ಅಪ್ಪ ನನ್ನ ಮನೆಯಲ್ಲಿ ಒಂದು ತುತ್ತು ಉಣ್ಣಲಿಲ್ಲ.

ಈ ಕಪ್ಪಿಗೆ ಆಡುವುದು ಎರಡೇ ತಂಡ, ವರ್ಷಕ್ಕೆ ಒಂದೇ ಮ್ಯಾಚು. ನನ್ನ ಮಾವನವರು ಧಾರವಾಡ ತಂಡದ ಕಾರ್ಯದರ್ಶಿ. ತಂಡಕ್ಕೆ ಕಚೇರಿ ಅಂತ ಇಲ್ಲ. ಇರುವುದು ಒಂದು ರಬ್ಬರ್ ಸ್ಟ್ಯಾಂಪು, ಎರಡು ಬಲೆ, ನಮ್ಮ ಪಡಸಾಲೆಯ ಶೋಕೇಸು. ಅಪ್ಪನಿಗೆ ತಾರಿಹಾಳದಲ್ಲಿ ಲೇತ್ ಮಷೀನಿನ ಸಣ್ಣ ವರ್ಕ್‌ಶಾಪ್ ಇದೆ, ಹುಬ್ಬಳ್ಳಿ ತಂಡಕ್ಕೆ ಅವನೇ ಹಿರಿಯ. ನನ್ನ ಮದುವೆಯ ಮಾತುಕತೆ ನಡೆದದ್ದು ಒಂದು ಮ್ಯಾಚಿನ ಹಾಫ್ ಟೈಮಿನಲ್ಲಿ, ಮಿರ್ಚಿ ತಿನ್ನುತ್ತ. ನನ್ನ ಗಂಡನಿಗೆ ಸೇರುವುದು ಕ್ರಿಕೆಟ್, ಆದ್ದರಿಂದ ಅವರನ್ನು ಇಲ್ಲಿ ತರುವ ಅಗತ್ಯವಿಲ್ಲ.

ಹಿಂದೊಮ್ಮೆ ಎರಡೂ ಊರಿನವರು ಮೈದಾನದಲ್ಲೇ ಕಪ್ಪಿನ ಒಂದೊಂದು ಹಿಡಿಕೆ ಹಿಡಿದು ಜಗ್ಗಿದರಂತೆ. ಬಲಗಡೆಯ ಹಿಡಿಕೆ ಒಬ್ಬರಿಗೆ ಬಂತು, ಉಳಿದ ಕಪ್ ಇನ್ನೊಬ್ಬರಿಗೆ. ಅಂದಿನಿಂದ ಕಪ್ ಮೈದಾನಕ್ಕೆ ಬರುವುದಿಲ್ಲ. ಮ್ಯಾಚಿನ ಮರುದಿನ ಗೆದ್ದವರ ಪೈಕಿ ಒಬ್ಬ ಹಿರಿಯ ಸೋತವರ ಮನೆಗೆ ಹೋಗಿ, ಊಟ ಮಾಡಿ, ಕಪ್ ತೆಗೆದುಕೊಂಡು ಬರಬೇಕು. ಉಂಡ ಮನೆಯಲ್ಲಿ ಯಾರೂ ಜಗಳಾಡುವುದಿಲ್ಲ ಎಂಬ ಲೆಕ್ಕ. ಮುರಿದ ಹಿಡಿಕೆಗೆ ಬೆಸುಗೆ ಹಾಕಿದವನು ಅಪ್ಪನೇ. ಹಿತ್ತಾಳೆಯ ಆ ಕಪ್ಪನ್ನು ತಿಂಗಳಿಗೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸ ಸೊಸೆಯದು. ಬಲ ಹಿಡಿಕೆಯ ಕೆಳಗಿನ ಬೆಸುಗೆಯ ಗಂಟು ಬೆರಳಿಗೆ ಸಿಕ್ಕಾಗಲೆಲ್ಲ ನನಗೆ ತವರು ನೆನಪಾಗುತ್ತಿತ್ತು. ಎದುರಾಳಿಯ ಕಪ್ಪನ್ನು ಇಷ್ಟು ಹೊಳಪಿಟ್ಟ ಹುಬ್ಬಳ್ಳಿ ಅಭಿಮಾನಿ ಇನ್ನೊಬ್ಬಳಿರಲಿಕ್ಕಿಲ್ಲ.

ಅಪ್ಪ ಬರುತ್ತಲೇ ಇರಲಿಲ್ಲ ಎಂದಲ್ಲ. ಎರಡು ತಿಂಗಳಿಗೊಮ್ಮೆ ಬಸ್ಸಿಗೆ ಬಂದು ಮನೆಯ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ. ಬಿಸಿಲಿದ್ದರೆ ಈ ತುದಿ, ಮಳೆಯಿದ್ದರೆ ಆ ತುದಿ. ಚಹಾ ಕುಡಿಯುತ್ತಿದ್ದ, ಚಹಾ ಊಟವಲ್ಲ ಎಂಬುದು ಅವನ ವಾದ. ಮೊದಲ ವರ್ಷ ಅತ್ತೆಯವರಿಗೆ ಇದು ಅವಮಾನ ಅನ್ನಿಸಿತು, ಎರಡನೇ ವರ್ಷ ಕಟ್ಟೆಗೆ ಒಂದು ಚಾಪೆ ಹಾಕಿಸಿದರು. ಬೀಗರಿಬ್ಬರೂ ಹೊರಗೆ ಕೂತು ಹಳೆಯ ಮ್ಯಾಚುಗಳ ಬಗ್ಗೆ ಜಗಳಾಡುತ್ತ ನಗುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತ ಆ ನಗೆ ಕೇಳುತ್ತಿದ್ದೆ. ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಎರಡನ್ನೂ ರೊಟ್ಟಿಯ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಏಳು ವರ್ಷದಲ್ಲಿ ನನ್ನ ರೊಟ್ಟಿ ಬಹಳ ತೆಳ್ಳಗಾದವು.

ಕಳೆದ ವರ್ಷದ ಮ್ಯಾಚು ಧಾರವಾಡದಲ್ಲಿತ್ತು. ನಾನು ಅತ್ತೆ ಮಾವನವರ ಜೊತೆ ಧಾರವಾಡದವರ ಕಡೆ ಕೂತಿದ್ದೆ. ಅಪ್ಪ ಎದುರು ಬದಿಯಲ್ಲಿ, ಬಿಳಿ ಟೋಪಿ ಹಾಕಿಕೊಂಡು, ಹುಬ್ಬಳ್ಳಿಯವರ ನಡುವೆ. ಇನ್ನು ಹತ್ತು ನಿಮಿಷವಿದೆ ಅನ್ನುವವರೆಗೂ ಒಂದೂ ಗೋಲಿಲ್ಲ. ಸಮವಾದರೆ ಕಪ್ ಇದ್ದಲ್ಲೇ ಇರುತ್ತದೆ, ಅಂದರೆ ಅಪ್ಪ ಇನ್ನೊಂದು ವರ್ಷ ಕಟ್ಟೆಯ ಮೇಲೆ. ಆಗ ಹುಬ್ಬಳ್ಳಿಗೆ ಒಂದು ಕಾರ್ನರ್ ಸಿಕ್ಕಿತು. ನಮ್ಮ ಸೆಂಟರ್ ಫಾರ್ವರ್ಡ್, ಹಗಲೆಲ್ಲ ಕಾಳಿನ ಚೀಲ ಹೊರುವ ದೊಡ್ಡ ಆಳು, ಚೆಂಡಿಗೆ ಬೆನ್ನು ಮಾಡಿ ರೆಫರಿಯೊಂದಿಗೆ ವಾದಿಸುತ್ತ ನಿಂತಿದ್ದ. ಚೆಂಡು ಹಾರಿ ಬಂದು ಅವನ ಬೆನ್ನಿಗೆ ಬಡಿದು ಬಲೆಯೊಳಗೆ ಹೋಯಿತು. ಹೊಡೆದವರು ಯಾರೆಂದು ಅವನು ಸಿಟ್ಟಿನಿಂದ ತಿರುಗಿ ನೋಡುವಷ್ಟರಲ್ಲಿ ಹತ್ತು ಜನ ಅವನ ಮೈಮೇಲೆ ಬಿದ್ದಿದ್ದರು.

ನಾನು ಎದ್ದು ನಿಂತು "ಗೋಲ್" ಎಂದು ಕೂಗಿಬಿಟ್ಟೆ. ಆ ಬದಿಯಲ್ಲಿ ಕೂಗಿದವಳು ನಾನೊಬ್ಬಳೇ. ಧಾರವಾಡವೆಲ್ಲ ತಿರುಗಿ ನನ್ನನ್ನು ನೋಡಿತು. ಮಾವನವರು ಮೈದಾನದಿಂದ ಕಣ್ಣು ತೆಗೆಯದೆ, "ನಮ್ಮ ಸೊಸೀಗೆ ಬಿಸಲು ಬಡದೈತ್ರಿ" ಎಂದು ಅಕ್ಕಪಕ್ಕದವರಿಗೆ ಹೇಳಿದರು. ಅತ್ತೆಯವರು ನನ್ನ ಸೆರಗು ಜಗ್ಗಿ ಕೂರಿಸಿದರು.

ಕೊನೆಯ ಸೀಟಿ ಊದಿದಾಗ ಆಚೆ ಬದಿಯಲ್ಲಿ ಅಪ್ಪ ಕುಣಿಯಲಿಲ್ಲ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಆಮೇಲೆ ಅಷ್ಟು ದೂರದಿಂದ ನನ್ನನ್ನು ಹುಡುಕಿ, ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು ತೋರಿಸಿದ. ನಾಳೆ ಊಟ.

ಮರುದಿನ ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹೋಳಿಗೆ ಮಾಡಿದೆ. ಮಾವನವರು ಬೆಳಗಿನಿಂದ ಪಡಸಾಲೆಯಲ್ಲಿ ತಿರುಗಾಡುತ್ತ, "ಬೆನ್ನಿಗೆ ಬಡದು ಒಳಗ ಹೋದ್ರ ಅದು ಗೋಲ್ ಅಲ್ಲ, ಅಪಘಾತ" ಎನ್ನುತ್ತಿದ್ದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಹೊಸ್ತಿಲಿಗೆ ಬಂದವನು ಅಲ್ಲೇ ನಿಂತ.

"ಕಪ್ ಎಲ್ಲೈತ್ರಿ?"

"ಒಳಗ ಐತಿ. ಮೊದಲ ಊಟ, ಆಮ್ಯಾಲ ಕಪ್. ಅದ ಪದ್ಧತಿ ಅಲ್ರಿ ಬೀಗ್ರ?" ಎಂದರು ಮಾವ.

"ಅದು ಒಳಗ ಇದ್ರ ನಾ ಒಳಗ ಬರಂಗಿಲ್ರಿ. ಮಾತು ಅಂದ್ರ ಮಾತು."

ಪದ್ಧತಿ ಒಳಗೆ ನಿಂತಿತ್ತು, ಮಾತು ಹೊರಗೆ ನಿಂತಿತ್ತು. ಇಬ್ಬರೂ ಒಂದು ಹೆಜ್ಜೆ ಸರಿಯಲಿಲ್ಲ. ನಾನು ಕೈಯಲ್ಲಿ ತಾಟು ಹಿಡಿದುಕೊಂಡು, ಈ ಇಬ್ಬರನ್ನೂ ಒಂದೇ ಬಸ್ಸು ಹತ್ತಿಸಿ ಎಲ್ಲಾದರೂ ಕಳಿಸಿಬಿಡಬೇಕು ಎಂದು ಯೋಚಿಸುತ್ತಿದ್ದೆ. ಕೊನೆಗೆ ಅತ್ತೆಯವರು ಶೋಕೇಸಿನ ಬಾಗಿಲು ತೆಗೆದು, ಕಪ್ಪನ್ನು ನೀರಿನ ಕೊಡದ ಹಾಗೆ ಸೊಂಟಕ್ಕೆ ಇಟ್ಟುಕೊಂಡು, ಇಬ್ಬರ ನಡುವೆ ಹಾದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕುಕ್ಕಿದರು. ಬಿಸಿಲು ಬೀಳದಿರಲೆಂದು ಮೇಲೊಂದು ಟವೆಲ್ ಹೊದಿಸಿದರು.

"ಈಗ ಅದು ಹೊರಗ, ನೀವು ಒಳಗ. ಏಳು ವರ್ಷ ಆತ್ರಿ. ನಮ್ಮ ಸೊಸಿ ಮಾಡಿದ ರೊಟ್ಟಿ ಆರಾಕತ್ತಾವ."

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಕೈತೊಳೆಯುವ ನೆವದಲ್ಲಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು ಒಲೆ, ಡಬ್ಬಿಗಳ ಸಾಲು, ಕಿಟಕಿ ಎಲ್ಲವನ್ನೂ ನೋಡಿದ.

"ಇಲ್ಲೇ ಅಡಗಿ ಮಾಡ್ತಿ?"

"ಹೂಂ."

"ಬೆಳಕ ಐತಿ. ಛಲೋ ಆತು." ಕಿಟಕಿಯ ಚಿಲಕ ಒಮ್ಮೆ ಹಾಕಿ ತೆಗೆದ. "ಇದು ಸರಿ ಕುಂತಿಲ್ಲ ನೋಡು."

ಮಗಳ ಅಡುಗೆಮನೆಯಲ್ಲಿ ಬೆಳಕಿದೆಯೋ ಇಲ್ಲವೋ ಎನ್ನುವುದು ಅವನಿಗೆ ಏಳು ವರ್ಷ ಗೊತ್ತಿರಲಿಲ್ಲ. ನಾನು ಒಲೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ಅಪ್ಪ ಐದು ರೊಟ್ಟಿ ಉಂಡ. ಐದನೆಯದನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮವ್ವನ ರೊಟ್ಟಿಗಿಂತ ತೆಳ್ಳಗ ಆಗ್ಯಾವ. ಯಾರ ಕಲಿಸಿದ್ರು?" ಎಂದ. ನೀನೇ ಎನ್ನಬೇಕೆಂದಿದ್ದೆ, ಇನ್ನೊಂದಿಷ್ಟು ಪಲ್ಯ ಬಡಿಸಿದೆ.

ಹೊರಡುವಾಗ ಅವ್ವನಿಗೆಂದು ಒಂದು ಡಬ್ಬಿ ಹೋಳಿಗೆ ಕಟ್ಟಿಕೊಟ್ಟೆ. ಅಷ್ಟರಲ್ಲಿ ಬೀಗರಿಬ್ಬರಿಗೂ ಬೆನ್ನಿನ ಗೋಲಿನ ವಾದ ಹತ್ತಿತ್ತು. ಅದೇ ವಾದ ಮಾಡುತ್ತ ಕಟ್ಟೆ ದಾಟಿದರು, ಓಣಿ ದಾಟಿದರು. ಮಾವನವರು ಅವನನ್ನು ಬಸ್ಸು ಹತ್ತಿಸಿ ಬಂದು, "ಒಪ್ಪಲಿಲ್ಲ ಮನುಷ್ಯಾ" ಎಂದು ಹೇಳಿ ಮಲಗಿದರು. ಒಂದು ತಾಸಿನ ಮೇಲೆ ನಾನು ಚಾಪೆ ತರಲು ಹೊರಗೆ ಹೋದೆ. ಚಾಪೆಯ ಪಕ್ಕದಲ್ಲಿ, ಟವೆಲಿನ ಕೆಳಗೆ, ಕಪ್ ಇತ್ತು.

ಮೊಬೈಲು ರಿಂಗಾಯಿತು. ಅಪ್ಪ.

"ಯವ್ವಾ, ಕಪ್ ಅಲ್ಲೇ ಉಳೀತೇನ?"

"ಕಟ್ಟಿ ಮ್ಯಾಲ ಐತಿ."

ಅವನ ಹಿಂದೆ ಹಲಗೆ ಬಾರಿಸುವ ಸದ್ದು ಕೇಳುತ್ತಿತ್ತು. ನಿಧಾನಕ್ಕೆ ಅದೂ ನಿಂತಿತು. ಕಮರಿಪೇಟೆಯವರೆಲ್ಲ ಹಾರ ಹಿಡಿದುಕೊಂಡು ಕಾದಿರಬೇಕು. "ಎಲ್ಲಾರೂ ಡಬ್ಬಿ ನೋಡಾಕತ್ತಾರ" ಎಂದ ಅಪ್ಪ.

"ಈಗೇನ್ ಮಾಡ್ಲಿ?"

"ಹೊರಗ ಬ್ಯಾಡ. ಒಳಗ ತಗೊಂಡು ಇಡು."

"ಒಳಗ ಇಟ್ರ ನೀ ಬರಂಗಿಲ್ಲಲ್ಲ?"

ಆ ಕಡೆ ಯಾರೋ ಒಬ್ಬರು ಹೋಳಿಗೆ ಕೇಳುತ್ತಿದ್ದರು.

"ಆ ಕಿಟಕಿ ಚಿಲಕಾ ಕೂಡಿಸೂದೈತಿ" ಎಂದ. "ನಾಳೆ ಬರ್ತೀನಿ. ಊಟಕ್ಕ ಏನ್ ಮಾಡ್ತಿ?"

ನಾನು ಕಪ್ಪನ್ನು ಒಳಗೆ ತಂದು ಶೋಕೇಸಿನಲ್ಲಿ ಅದು ಮೊದಲಿದ್ದ ಜಾಗದಲ್ಲೇ ಇಟ್ಟೆ. ಆಮೇಲೆ ಜೋಳದ ಹಿಟ್ಟಿನ ಡಬ್ಬಿ ತೆಗೆದು ನೋಡಿದೆ. ನಾಳೆಗೆ ಸಾಕಾಗುವಷ್ಟಿತ್ತು.