ರುಕ್ಸಾನಾ ಮೇಡಂ ಅವರ ಹಾಟ್‌ಸ್ಪಾಟ್

ಆ ಇ-ಮೇಲ್ ಬರೆದವಳು ನಾನು. ರುಕ್ಸಾನಾ ಮೇಡಂ ಅಲ್ಲ.

ಇಷ್ಟು ಸಣ್ಣ ಎರಡು ವಾಕ್ಯ ಹೇಳಲು ನನಗೆ ಆರು ವರ್ಷ ಬೇಕಾಯಿತು. ಈಗಲೂ ಬರೆದು, ಅಳಿಸಿ, ಮತ್ತೆ ಬರೆದಿದ್ದೇನೆ.  ಹೊರಗೆ ಗೇಟಿನ ಸದ್ದಾದರೆ ಸಾಕು, ಟ್ಯಾಬನ್ನು ಹಾಸಿಗೆಯ ಮೇಲೆ ಬೋರಲು ಹಾಕುತ್ತೇನೆ. ಒಬ್ಬಳೇ ಇರುವ ಮನೆಯಲ್ಲಿ ಯಾರಿಂದ ಮುಚ್ಚಿಡುತ್ತಿದ್ದೇನೋ ದೇವರಿಗೇ ಗೊತ್ತು. ನಾನು ಹುಟ್ಟಾ ಪುಕ್ಕಲಿ. ಗಣಿತದ ಟೀಚರು, ತರಗತಿಯಲ್ಲಿ ನನ್ನ ದನಿ ಮೂರು ಕೋಣೆ ದಾಟಿ ಕೇಳಿಸುತ್ತದೆ. ದೊಡ್ಡವರ ಕೋಣೆಯ ಬಾಗಿಲಲ್ಲಿ ನಿಂತರೆ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಇದನ್ನು ನೆಪವೆಂದು ಓದಬೇಡಿ. ಹೆದರುವವರೆಲ್ಲ ನಾನು ಮಾಡಿದ್ದನ್ನು ಮಾಡುವುದಿಲ್ಲ.

ನಮ್ಮದು ಕಮಲಾಪುರದ ಒಂದು ಖಾಸಗಿ ಹೈಸ್ಕೂಲು. ನಾನು ಕಲಬುರಗಿಯ ಶರಣಸಿರಸಗಿ ಕಡೆಯ ಹೊಸ ಬಡಾವಣೆಯಿಂದ ಬರುತ್ತಿದ್ದೆ. ಹಿಂದಿ ಕಲಿಸುತ್ತಿದ್ದ ರುಕ್ಸಾನಾ ಮೇಡಂ ಊರ ನಡುವಿನ ಸೂಪರ್ ಮಾರ್ಕೆಟ್ ಬಜಾರಿನ ಹಿಂದಿನ ಓಣಿಯಿಂದ. ಅಲ್ಲೇ ಅವರ ಯಜಮಾನರದೊಂದು ಬಳೆ ಅಂಗಡಿ. ದಿನಾ ಇಬ್ಬರಿಗೂ ಒಂದೇ ಬಸ್ಸು, ಹೋಗುವಾಗ ಒಂದು ತಾಸು, ಬರುವಾಗ ಒಂದು ತಾಸು. ವಯಸ್ಸಿನಲ್ಲಿ ನನಗಿಂತ ಹನ್ನೆರಡು ವರ್ಷ ದೊಡ್ಡವರು. ಸೇರಿದ ಹೊಸದರಲ್ಲಿ ನನಗೆ ಸೀಟು ಹಿಡಿದಿಟ್ಟವರು, ಡಬ್ಬಿಯ ಅರ್ಧ ಪಾಲು ಕೊಟ್ಟವರು ಅವರೇ.

ಆಡಳಿತ ಮಂಡಳಿಯವರು ನಮಗೆಲ್ಲ ಒಂದೊಂದು ಟ್ಯಾಬ್ ಕೊಟ್ಟಿದ್ದರು. ಹಾಜರಿ, ಅಂಕ, ಎಲ್ಲ ಅದರಲ್ಲೇ ತುಂಬಬೇಕು. ಆದರೆ ಸಿಮ್ ಹಾಕುವ ಜಾಗವೇ ಇಲ್ಲದ ಟ್ಯಾಬ್. ಶಾಲೆಯ ವೈ-ಫೈ ಮಧ್ಯಾಹ್ನಕ್ಕೆಲ್ಲ ಸುಸ್ತಾಗಿ ಮಲಗುತ್ತಿತ್ತು. ಹೀಗಾಗಿ ನಮ್ಮ ಅರ್ಧ ಕೆಲಸ ನಡೆಯುತ್ತಿದ್ದದ್ದು ವಾಪಸು ಬರುವ ಬಸ್ಸಿನಲ್ಲಿ. ಮೇಡಂ ಕಿಟಕಿಯ ಪಕ್ಕ ಕೂತು ತಮ್ಮ ಫೋನಿನ ಹಾಟ್‌ಸ್ಪಾಟ್ ಹಚ್ಚುತ್ತಿದ್ದರು; ನಾವು ನಾಲ್ಕೈದು ಟೀಚರುಗಳು ಟ್ಯಾಬ್ ತೆಗೆದು ಅದಕ್ಕೆ ಜೋಡಿಸಿಕೊಳ್ಳುತ್ತಿದ್ದೆವು. ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರದಲ್ಲಿ 'ಕೆಂಪುಬಾಳೆ'. ಕಮಲಾಪುರದ ಕೆಂಪು ಬಾಳೆಹಣ್ಣೆಂದರೆ ಅವರಿಗೆ ಪ್ರಾಣ. ಯಾರಾದರೂ ಸಂಕೋಚಪಟ್ಟರೆ ನಗುತ್ತಿದ್ದರು: "ತೊಗೋರಿ, ತೊಗೋರಿ. ನಾ ಒಬ್ಬಾಕಿನೇ ತಿಂದ್ರ ಹಜಮ್ ಆಗಂಗಿಲ್ಲ."

ಆ ವರ್ಷ ನನ್ನ ಕೆಲಸ ಕಾಯಂ ಆಗುವುದಿತ್ತು. ಅದೇ ವರ್ಷ ನಾನೊಂದು ತಪ್ಪು ಮಾಡಿದೆ. ಬಸ್ಸಿನ ಕುಲುಕಾಟದಲ್ಲಿ, ಮಾತಿನ ಮಧ್ಯೆ, ಹತ್ತನೇ ತರಗತಿಯ ಎ ವಿಭಾಗದ ಆಂತರಿಕ ಅಂಕಗಳನ್ನು ಬಿ ವಿಭಾಗದ ಮಕ್ಕಳಿಗೆ ತುಂಬಿಬಿಟ್ಟೆ. ಬಿ ವಿಭಾಗದವನ್ನು ಎ ಮಕ್ಕಳಿಗೆ. ನೋಡಿಕೊಳ್ಳುವಷ್ಟರಲ್ಲಿ ಕೊನೆಯ ದಿನ ಮುಗಿದು ಪುಟ ಬಂದ್ ಆಗಿತ್ತು. ಆ ಹೊತ್ತಿಗೇ ಹೋಗಿ ಹೇಳಿದ್ದರೆ ಒಂದು ಬೈಗುಳ, ಒಂದು ತಿದ್ದುಪಡಿ ಅರ್ಜಿ, ಅಷ್ಟರಲ್ಲಿ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಯಾರೂ ನೋಡದೇ ಹೋಗಬಹುದು ಎಂದುಕೊಂಡೆ. ಗಣಿತದ ಟೀಚರಿಗೆ ಇಂಥ ಆಸೆ!

ಮುಖ್ಯೋಪಾಧ್ಯಾಯ ಶಿವಶರಣಪ್ಪ ಸರ್ ನೋಡಿದರು. ಶುಕ್ರವಾರ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, "ಟೀಚರ್, ಸೋಮವಾರ ನಿಮ್ಮ ಅಂಕಪಟ್ಟಿ ರಿಜಿಸ್ಟರ್ ತೊಗೊಂಡ ನನ್ನ ರೂಮಿಗೆ ಬರ್ರಿ. ಏನೋ ಹೆಚ್ಚುಕಮ್ಮಿ ಕಾಣಸ್ತದ" ಅಂದರು. ಗದರಲಿಲ್ಲ, ಮುಖ ಕೆಡಿಸಲಿಲ್ಲ. ನನಗೋ, ಕೆಲಸ ಹೋಯಿತು, ಮಾನ ಹೋಯಿತು, ಮಕ್ಕಳ ತಂದೆತಾಯಿಗಳು ಗೇಟಿನಲ್ಲಿ ಬಂದು ನಿಂತರು — ಎಲ್ಲ ಆ ಕಾರಿಡಾರಿನಲ್ಲೇ ಕಣ್ಣ ಮುಂದೆ ಕಂಡಿತು.

ಆ ಸಂಜೆಯ ಬಸ್ಸಿನಲ್ಲಿ ನಮ್ಮ ಪೈಕಿ ಇದ್ದದ್ದು ನಾವಿಬ್ಬರೇ. ಮೇಡಂ ಎಂದಿನಂತೆ ಹಾಟ್‌ಸ್ಪಾಟ್ ಹಚ್ಚಿ, ಸೆರಗು ತಲೆಗೆ ಹೊದ್ದು ಕಣ್ಣು ಮುಚ್ಚಿದ್ದರು. ನಾನು ಹೊಸದೊಂದು ಸುಳ್ಳು ಹೆಸರಿನ ಮೇಲ್ ಐಡಿ ಮಾಡಿದೆ. ಶಾಲೆಯ ಅಧ್ಯಕ್ಷರಿಗೆ ಬರೆದೆ — ಮುಖ್ಯೋಪಾಧ್ಯಾಯರು ತಮಗೆ ಬೇಕಾದ ಮಕ್ಕಳಿಗಾಗಿ ಹತ್ತನೇ ತರಗತಿಯ ಅಂಕಗಳನ್ನು ಅದಲುಬದಲು ಮಾಡಿದ್ದಾರೆ, ಈಗ ಅದನ್ನು ಪಾಪದ ಟೀಚರುಗಳ ತಲೆಗೆ ಕಟ್ಟಲು ಹೊರಟಿದ್ದಾರೆ ಎಂದು. ಪಾಪದ ಟೀಚರುಗಳು! ಹೆದರಿಕೆ ಇತ್ತು. ಆದರೂ ಒಳಗೊಂದು ಜಾಣತನದ ಖುಷಿ ಇತ್ತು, ಅದನ್ನೂ ಹೇಳಿಬಿಡಬೇಕು. ಟ್ಯಾಬ್‌ಗೆ ಸಿಮ್ಮೇ ಇಲ್ಲ. ಸಿಮ್ ಇಲ್ಲದ್ದಕ್ಕೆ ನಂಬರಿಲ್ಲ, ನಂಬರಿಲ್ಲದ್ದಕ್ಕೆ ಹೆಸರಿಲ್ಲ, ಇದನ್ನು ಯಾರೂ ಹಿಡಿಯಲಾರರು — ಇದು ನಾನು ಬಿಡಿಸಿದ ಲೆಕ್ಕ.

ಮಹಾಗಾಂವ ಕ್ರಾಸಿನ ಹತ್ತಿರ ಮೇಡಂ ಕಣ್ಣು ಬಿಟ್ಟು ಫೋನು ನೋಡಿದರು. "ಚಾರ್ಜ್ ಖತಂ ಆಗಾಕತ್ತದ. ಒಂದ ಇನ್ನೂ ಕನೆಕ್ಟ್ ಅದ — 'ಜಗದೇವಿ ಟ್ಯಾಬ್'. ಮುಗೀತೇನು?"

"ಎರಡ ನಿಮಿಷರಿ ಮೇಡಂ. ಹಾಜರಿ ಹಾಕಾಕತ್ತೀನಿ."

"ಹಾಕು, ಹಾಕು. ಅವಸರಿಲ್ಲ" ಎಂದು ಅವರು ಮತ್ತೆ ಕಣ್ಣು ಮುಚ್ಚಿದರು. ನಾನು ಕಳಿಸುವ ಗುಂಡಿ ಒತ್ತಿದೆ.

ಅಧ್ಯಕ್ಷರು ಗದ್ದಲ ಮಾಡುತ್ತಾರೆ, ಆ ಗದ್ದಲದಲ್ಲಿ ನನ್ನ ರಿಜಿಸ್ಟರು ಮರೆತುಹೋಗುತ್ತದೆ, ಅಷ್ಟೇ ನನ್ನ ಯೋಚನೆ. ಶಿವಶರಣಪ್ಪ ಸರ್ ಬೇರೆ ತರಹದ ಮನುಷ್ಯ. ತಮ್ಮ ಹೆಸರು ಶುದ್ಧವಾಗುವ ತನಕ ಈ ಕುರ್ಚಿಯಲ್ಲಿ ಕೂಡುವುದಿಲ್ಲ ಎಂದು ಹಟ ಹಿಡಿದು ತಾವೇ ಪೊಲೀಸರಿಗೆ ದೂರು ಕೊಟ್ಟರು. ಮೂರು ವಾರದ ನಂತರ ಉತ್ತರ ಬಂತು. ಆ ಮೇಲ್ ಹೋದದ್ದು ರುಕ್ಸಾನಾ ಮೇಡಂ ಅವರ ಫೋನ್ ನಂಬರಿನ ಇಂಟರ್ನೆಟ್ಟಿನಿಂದ.

ಆಗ ನನಗೆ ತಿಳಿಯಿತು. ಟ್ಯಾಬ್‌ಗೆ ಆ ಫೋನಿನಾಚೆ ಹೆಸರಿಲ್ಲ ನಿಜ; ಅದಕ್ಕೇ ಅದು ಹಾಟ್‌ಸ್ಪಾಟ್ ಕೊಟ್ಟವರ ಹೆಸರು ಹೊದ್ದುಕೊಂಡು ಹೊರಗೆ ಹೋಗುತ್ತದೆ. ಅಂಕ ತುಂಬಿದ್ದೂ ಅವರದೇ ಹಾಟ್‌ಸ್ಪಾಟಿನಲ್ಲಿ. ಲಾಗಿನ್ ಇಡೀ ಶಾಲೆಗೆ ಒಂದೇ, ನನ್ನ ರಿಜಿಸ್ಟರಿನಲ್ಲಿ ಅಂಕಗಳು ಸರಿಯಾಗೇ ಇದ್ದವು. ಹಾಗಾಗಿ ಅಂಕ ಅದಲುಬದಲು ಮಾಡಿದವರೂ ಅವರೇ, ಮೇಲ್ ಬರೆದವರೂ ಅವರೇ ಎಂದು ಎಲ್ಲರೂ ತೀರ್ಮಾನಿಸಿದರು. ಹಿಂದೊಮ್ಮೆ ರಜೆಯ ವಿಷಯಕ್ಕೆ ಅವರಿಗೂ ಸರ್‌ಗೂ ಮಾತು ಬೆಳೆದಿತ್ತು, ಅದೂ ನೆನಪಾಯಿತು. ಸ್ಟಾಫ್ ರೂಮಿನಲ್ಲಿ ಕೆಲವರಿಗೆ ಇಷ್ಟೂ ಬೇಕಿರಲಿಲ್ಲ, ಅವರ ಹೆಸರೊಂದೇ ಸಾಕಾಗಿತ್ತು. ಆ ಮಾತುಗಳನ್ನು ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡು ಊಟದ ಡಬ್ಬಿ ತೊಳೆಯಲು ಎದ್ದು ಹೋದೆ.

ಅಧ್ಯಕ್ಷರ ಕೋಣೆಗೆ ನಮ್ಮಿಬ್ಬರನ್ನೂ ಕರೆದರು. ಸಾದಾ ಬಟ್ಟೆಯಲ್ಲಿದ್ದ ಪೊಲೀಸರೊಬ್ಬರು ಒಂದು ಹಾಳೆ ಹಿಡಿದು ಕೂತಿದ್ದರು. ನಾನು ಕುರ್ಚಿಯ ಬೆನ್ನು ಹಿಡಿದು ನಿಂತೆ. ಮೇಡಂ ಒಂದೇ ಮಾತು ಹೇಳಿದರು: "ನಾ ಬರದಿಲ್ಲರಿ. ಪಾಸ್‌ವರ್ಡ್ ಎಲ್ಲಾರಿಗೂ ಕೊಟ್ಟೀನಿ. ಕಣ್ಣಿಲೆ ನೋಡಲಾರದ ಯಾರ ಹೆಸರಂತ ಹೇಳ್ಲಿ?"

ಪೊಲೀಸರು ನನ್ನ ಕಡೆ ತಿರುಗಿದರು. "ಅವತ್ತು ಬಸ್ಸಿನ್ಯಾಗ ನೀವೂ ಇದ್ದಿರಂತ. ಇವರ ಹಾಟ್‌ಸ್ಪಾಟ್ ತೊಗೊಂಡಿದ್ದಿರೇನು?"

ಮೇಡಂ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿನಿಂದ ಅಲ್ಲ — ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಉತ್ತರ ಗೊತ್ತಿದ್ದೂ ಎದ್ದು ನಿಲ್ಲಲು ಹಿಂಜರಿಯುವ ಮಗುವನ್ನು ನಾವು ಟೀಚರುಗಳು ಹೇಗೆ ಕಾಯುತ್ತೇವೆ, ಹಾಗೆ ಕಾಯುತ್ತಿದ್ದರು. ಅವರಿಗೆ ಗೊತ್ತಿತ್ತು. ಆ ಸಂಜೆ ತಮ್ಮ ಫೋನಿನ ಮೇಲೆ ನನ್ನ ಹೆಸರನ್ನು ತಾವೇ ಓದಿ ಹೇಳಿದ್ದರು. ಈಗ ಅದನ್ನು ಬಾಯಿಬಿಟ್ಟು ಹೇಳುವುದನ್ನು ನನಗೇ ಬಿಟ್ಟಿದ್ದರು.

"ಇಲ್ಲರಿ" ಅಂದೆ. "ಅವತ್ತ ನಾ ಟ್ಯಾಬ್ ತಗದೇ ಇಲ್ಲರಿ."

ಮೇಡಂ ಕಣ್ಣು ಕೆಳಗಿಳಿಸಿದರು. ಆಗಲಾದರೂ ಅವರು ಹೇಳಬಹುದಿತ್ತು... ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಆರು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಸಾಕ್ಷಿ ಇರಲಿಲ್ಲವೆಂದೋ, ನನ್ನ ಮುಖ ನೋಡಿ ಅಸಹ್ಯವಾಯಿತೆಂದೋ, ಕರುಣೆಯೋ — ಕರುಣೆ ಆಗಿರದಿರಲಿ ಎಂದು ಬೇಡಿಕೊಳ್ಳುತ್ತೇನೆ.

ಕ್ಷಮಾಪಣೆ ಪತ್ರ ಬರೆದುಕೊಟ್ಟು ಕೆಲಸ ಬಿಟ್ಟರೆ ದೂರು ವಾಪಸು ಎಂದು ಅಧ್ಯಕ್ಷರು ಹೇಳಿದರು. ಪೊಲೀಸು ಠಾಣೆಗೆ ಅಲೆಯುವುದಕ್ಕೆ ಮನೆಯವರು ಒಪ್ಪಲಿಲ್ಲವಂತೆ; ಮಾಡದ ತಪ್ಪಿಗೆ ಮೇಡಂ ತಮ್ಮ ದುಂಡಗಿನ ಅಕ್ಷರದಲ್ಲಿ ಕ್ಷಮೆ ಕೇಳಿದರು. ಆಮೇಲೆ ಯಾವ ಶಾಲೆಯೂ ಅವರನ್ನು ಕರೆಯಲಿಲ್ಲ. ಕೊನೆಯ ದಿನ ಗೇಟಿನ ಹತ್ತಿರ ನಾನು ತಪ್ಪಿಸಿಕೊಂಡು ಹೋಗಲು ನೋಡಿದೆ, ಆಗಲಿಲ್ಲ. ಅವರು ಬ್ಯಾಗು ಹೆಗಲಿಗೇರಿಸಿ ಇಷ್ಟೇ ಕೇಳಿದರು: "ನಾಳಿಂದ ಬಸ್ಸಿನ್ಯಾಗ ನಿನ್ನ ಹಾಜರಿ ಹೆಂಗ ಹಾಕ್ತಿ, ಜಗದೇವಿ?"

ಜೂನ್‌ನಲ್ಲಿ ನನ್ನ ಕೆಲಸ ಕಾಯಂ ಆಯಿತು.

ಅಂದಿನಿಂದ ನಾನು ಬದುಕಿದ್ದು ಹೆದರಿಕೆಯಲ್ಲೇ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಎತ್ತುವುದಿಲ್ಲ. ಶಾಲೆಯ ಮುಂದೆ ಜೀಪು ನಿಂತರೆ ಸೀಮೆಸುಣ್ಣ ಕೈಯಿಂದ ಬೀಳುತ್ತದೆ. ಸೂಪರ್ ಮಾರ್ಕೆಟ್ಟಿಗೆ ಹೋದರೆ ಬಳೆ ಅಂಗಡಿಯ ಸಾಲು ತಪ್ಪಿಸಿ ಸುತ್ತುಹಾಕಿ ಬರುತ್ತೇನೆ. ತಂಗಿಯ ಮದುವೆಗೆ ಬಳೆಯನ್ನು ಬೀದರಿನಿಂದ ತರಿಸಿದೆ, ಇಲ್ಲಿನದು ಗಟ್ಟಿ ಇರುವುದಿಲ್ಲ ಎಂದು ಅವ್ವನಿಗೆ ಸುಳ್ಳು ಹೇಳಿ. ಯಾರ ಹಾಟ್‌ಸ್ಪಾಟೂ ತೆಗೆದುಕೊಳ್ಳಲಿಲ್ಲ, ಯಾರಿಗೂ ಕೊಡಲಿಲ್ಲ. ಹೊಸ ಟೀಚರು ಯಾರಾದರೂ "ಮೇಡಂ, ಸ್ವಲ್ಪ ನೆಟ್ ಹಚ್ಚರಿ" ಅಂದರೆ, "ನಂದೂ ಖತಂ ಆಗ್ಯದವ್ವ" ಅನ್ನುತ್ತೇನೆ.

ಕಳೆದ ಮಂಗಳವಾರ, ಬೆಳಗಿನ ಬಸ್ಸು. ಆ ಹಳೆಯ ಟ್ಯಾಬ್ ಬ್ಯಾಗಿನಲ್ಲಿತ್ತು. ಈಗ ಅದು ಮಕ್ಕಳಿಗೆ ರೇಖಾಗಣಿತದ ಚಿತ್ರ ತೋರಿಸಲು ಮಾತ್ರ. ಊರು ದಾಟುತ್ತಿದ್ದಂತೆ ಬ್ಯಾಗಿನೊಳಗೆ ಅದು ಟಿಣ್ ಅಂದಿತು. ಮತ್ತೆ ಟಿಣ್. ಸಂದೇಶಗಳು ಒಂದರ ಮೇಲೊಂದು ಬರತೊಡಗಿದವು. ನಾನೇನೂ ಜೋಡಿಸಿರಲಿಲ್ಲ. ತೆಗೆದು ನೋಡಿದೆ. ಮೇಲ್ಗಡೆ ವೈ-ಫೈ ಗುರುತು, ಅದರ ಕೆಳಗೆ ಒಂದು ಹೆಸರು — ರುಕ್ಸಾನಾ.

 ತಿರುಗಿ ನೋಡಲಿಲ್ಲ. ಹಿಂದಿನ ಎರಡು ಸಾಲು ಬಿಟ್ಟು ಆ ದನಿ ಕೇಳಿಸಿತು. ಯಾವುದೋ ಕಾಲೇಜು ಹುಡುಗಿಗೆ ಹೇಳುತ್ತಿದ್ದರು: "ಅಳಬ್ಯಾಡವಾ, ಅರ್ಜಿಗೆ ಇನ್ನೂ ಟೈಮ್ ಅದ. ನನ್ನ ನೆಟ್ ತೊಗೋ. ಕೆಂಪುಬಾಳೆ ಅಂತ ಹೊಡಿ, ಎಲ್ಲಾ ಸಣ್ಣ ಅಕ್ಷರ."

ಪಾಸ್‌ವರ್ಡ್ ಬದಲಿಸಿರಲಿಲ್ಲ; ಅದಕ್ಕೇ ಹಳೆಯ ಟ್ಯಾಬ್ ತಾನಾಗಿಯೇ ಜೋಡಿಸಿಕೊಂಡಿತ್ತು. ಇಷ್ಟೆಲ್ಲ ಆದಮೇಲೂ ಗುರುತಿಲ್ಲದ ಹುಡುಗಿಗೆ ಕೂಗಿ ಹೇಳುತ್ತಿದ್ದರು.

"ಬಂತಾ? ಹಾಂ, ಇಲ್ಲಿ ತೋರಸ್ತದ ನೋಡು. ಎರಡ ಕನೆಕ್ಟ್ ಅವ. ಒಂದ ನಿಂದು. ಇನ್ನೊಂದ..."

ಮಾತು ಅಲ್ಲಿಗೆ ನಿಂತಿತು.

 ಈಗ ಆಫ್ ಮಾಡುತ್ತಾರೆ, ಈಗ ಎದ್ದು ಬಂದು ಎಲ್ಲರೆದುರು ಕೇಳುತ್ತಾರೆ ಎಂದು ನಾನು ಸೀಟಿನ ಕಂಬಿ ಹಿಡಿದು ಕೂತೆ. ಅವರು ಬರಲಿಲ್ಲ. ಆಫ್ ಮಾಡಲೂ ಇಲ್ಲ. ಮಹಾಗಾಂವ ಕ್ರಾಸಿನಲ್ಲಿ ಹಿಂದಿನ ಬಾಗಿಲಿನಿಂದ ಇಳಿದರು. ಬಸ್ಸು ಮುಂದೆ ಹೊರಟಾಗ ಟ್ಯಾಬಿನ ಮೇಲಿನ ಆ ಹೆಸರು ತಾನಾಗಿಯೇ ಆರಿತು. ಅಷ್ಟು ದೂರವೂ ನಾನು ಅವರ ನೆಟ್ಟಿನಲ್ಲೇ ಇದ್ದೆ. ಅವರಿಗೆ ಗೊತ್ತಿದ್ದೂ ಇದ್ದೆ.

ಇವತ್ತು ಭಾನುವಾರ. ಇದನ್ನು ಅಧ್ಯಕ್ಷರಿಗೆ, ನಿವೃತ್ತರಾಗಿ ಕೋಟನೂರಿನಲ್ಲಿರುವ ಶಿವಶರಣಪ್ಪ ಸರ್‌ಗೆ, ನಮ್ಮ ಸ್ಟಾಫಿನ ಗುಂಪಿಗೆ ಕಳಿಸುತ್ತಿದ್ದೇನೆ. ಮೊದಲು ಮೇಡಂ ಹತ್ತಿರ ಹೋಗಬೇಕಲ್ಲವೇ ಎಂದು ನೀವು ಕೇಳಬಹುದು. ಹೋದರೆ ಅವರು "ಹೋಗ್ಲಿ ಬಿಡು" ಅಂದುಬಿಡುತ್ತಾರೆ, ನಾನು ಆ ಒಂದು ಮಾತನ್ನೇ ಹಿಡಿದುಕೊಂಡು ಸುಮ್ಮನಾಗಿಬಿಡುತ್ತೇನೆ. ನನ್ನನ್ನು ನಾನು ಬಲ್ಲೆ. ಆದ್ದರಿಂದ ಮೊದಲು ಇದು ಹೋಗಲಿ. ಕೆಲಸ ಉಳಿಯುವುದಿಲ್ಲ, ಠಾಣೆಗೂ ಹೋಗಬೇಕಾದೀತು. ಹೆದರಿಕೆ ಹೋಗಿಲ್ಲ, ಬರೆಯುತ್ತಿರುವಾಗಲೂ ಗೇಟಿನ ಕಡೆ ಒಂದು ಕಿವಿ ಇದೆ.

ಆರು ವರ್ಷದಲ್ಲಿ ಮೊದಲ ಸಲ ನನ್ನ ಫೋನಿನ ಹಾಟ್‌ಸ್ಪಾಟ್ ಹಚ್ಚಿದ್ದೇನೆ. ಟ್ಯಾಬ್ ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಈ ಸಲ ಯಾರೂ ಹುಡುಕುವುದು ಬೇಡ: ನಂಬರು ನನ್ನದು, ಕೆಳಗೆ ಹೆಸರೂ ನನ್ನದು. ಇದು ಹೋದಮೇಲೆ ಆಟೋ ಹಿಡಿದು ಸೂಪರ್ ಮಾರ್ಕೆಟ್ಟಿನ ಬಳೆ ಅಂಗಡಿಗೆ ಹೋಗುತ್ತೇನೆ.

— ಜಗದೇವಿ