ಅಂಚೆ ಓಟಿನ ಇಂಟು ಗುರುತು

ಬೇಲೂರಿನ ತಾಲ್ಲೂಕು ಕಚೇರಿಯಲ್ಲಿ ನಾನು ಜವಾನನಾಗಿದ್ದೆ. ಓದಿದ್ದು ಮೂರನೆಯ ಕ್ಲಾಸಿನವರೆಗೆ. ಆದರೆ ಯಾವ ಕಡತ ಯಾವ ಬೀರುವಿನಲ್ಲಿದೆ ಎಂದು ಗುಮಾಸ್ತರೂ ನನ್ನನ್ನೇ ಕೇಳುತ್ತಿದ್ದರು.

ಎರಡನೆಯ ಮಹಾಚುನಾವಣೆಗೆ ನನಗೆ ಗೆಂಡೆಹಳ್ಳಿಯ ಮತಗಟ್ಟೆಯಲ್ಲಿ ಡ್ಯೂಟಿ ಬಿತ್ತು. ನನ್ನ ಓಟಿದ್ದದ್ದು ಹುಲಿಕೆರೆಯಲ್ಲಿ. ಮೊದಲ ಚುನಾವಣೆಯಲ್ಲೂ ಹೀಗೆಯೇ ಊರಿಗೆ ಹೋಗಲಾಗದೆ ಓಟು ತಪ್ಪಿಹೋಗಿತ್ತು. ಈ ಸಲ ಬಿಡಬಾರದೆಂದು ಅಂಚೆ ಓಟಿಗೆ ಅರ್ಜಿ ಕೇಳಿದೆ.

"ನಿನ್ನದೊಂದು ಓಟಿಗೆ ಇಷ್ಟೆಲ್ಲ ಕಾಗದ ಯಾಕಯ್ಯ?" ಎಂದರು ಗುಮಾಸ್ತರು.

"ಅಮಲ್ದಾರರದೂ ಒಂದೇ ಓಟಲ್ವಾ ಸ್ವಾಮಿ?"

ನಕ್ಕು ಅರ್ಜಿ ಕೊಟ್ಟರು. ಕೆಲವು ದಿನಕ್ಕೆ ಲಕೋಟೆ ಕೈಸೇರಿತು. ಅದನ್ನು ಜೇಬಿನಲ್ಲಿಟ್ಟುಕೊಂಡೇ ಗೆಂಡೆಹಳ್ಳಿಗೆ ಹೋದೆ.

ಓಟಿನ ಹಿಂದಿನ ದಿನ ಮಧ್ಯಾಹ್ನ ಶಾಲೆಯ ಬೆಂಚುಗಳನ್ನು ಸರಿಸಿ, ಗೋಣಿತಾಟಿನ ಮರೆ ಕಟ್ಟಿ, ಪೆಟ್ಟಿಗೆಗಳನ್ನು ಒಳಗಿಟ್ಟೆ. ಆಗ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ. ಬೇಕಾದವನ ಚಿತ್ರವಿರುವ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗಿಯಿತು. ಅಂಚೆ ಓಟಿನಲ್ಲಿ ಮಾತ್ರ ಹೆಸರಿನ ಎದುರು ಇಂಟು ಗುರುತು ಹಾಕಬೇಕಿತ್ತು. ಯಾರ ಎದುರು? ನನ್ನ ಸ್ಲೇಟಿನ ಮೇಲೆ ಇಂಟು ಬಿದ್ದಾಗಲೆಲ್ಲ ಬೆನ್ನಿಗೂ ಬಿದ್ದಿತ್ತು. ಬೇಕಾದವನಿಗೆ ಅದನ್ನು ಹಾಕಲು ಕೈ ಬರಲಿಲ್ಲ.

ಮತಗಟ್ಟೆಯ ಅಧಿಕಾರಿಯಾಗಿ ಬಂದಿದ್ದವರು ಹಗರೆ ಕಡೆಯ ಒಬ್ಬ ಮೇಷ್ಟ್ರು. ಅವರದೂ ಅಂಚೆ ಓಟೇ. ಬೆಳಿಗ್ಗೆಯೇ ಗುರುತು ಹಾಕಿ, ಅಂಟಿಸಿ, ಮೇಜಿನ ಮೇಲಿಟ್ಟಿದ್ದರು. ನನ್ನ ಕಾಗದಕ್ಕೆ ಸಾಕ್ಷಿ ರುಜು ಹಾಕಿದ ಮೇಲೆ, ಇಂಟು ಯಾರ ಎದುರು ಹಾಕುವುದೆಂದು ಅವರನ್ನೇ ಕೇಳಿದೆ.

"ಇದನ್ನೂ ಹೇಳಿಕೊಡಬೇಕೇನಯ್ಯ? ಇಂಟು ಅಂದ್ರೆ ತಪ್ಪು. ಬೇಡದವರಿಗೆಲ್ಲ ಹಾಕು, ಬೇಕಾದವನು ಉಳೀತಾನೆ. ಇಪ್ಪತ್ತು ವರ್ಷದಿಂದ ಇಂಟು ಹಾಕ್ತಾ ಇದೀನಿ ಕಣಯ್ಯ."

ಪೆನ್ನು ಹಿಡಿದು ಗೋಣಿಯ ಮರೆಗೆ ಹೋದೆ. ಮೇಷ್ಟ್ರ ಮಾತು ಸರಿಯೆನಿಸಿತ್ತು. ಆದರೂ ಕಚೇರಿಯಲ್ಲಿ ಯಾರ ಬಾಯಿಮಾತಿನ ಮೇಲೂ ನಾನು ಕಡತ ಎತ್ತಿಕೊಟ್ಟವನಲ್ಲ; ಚೀಟಿ ನೋಡಿಯೇ ಕೊಡುತ್ತಿದ್ದೆ. ಓಟಿನ ಜೊತೆ ಒಂದು ಸೂಚನೆಯ ಹಾಳೆಯೂ ಬಂದಿತ್ತು. ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದಿದೆ. ಎರಡನೆಯ ಸಲ ಬೆರಳಿಟ್ಟು ಓದಿದೆ. ತಾನು ಆರಿಸುವವನ ಹೆಸರಿನ ಎದುರು ಮಾತ್ರ ಇಂಟು, ಒಂದಕ್ಕಿಂತ ಹೆಚ್ಚು ಹಾಕಿದರೆ ಓಟು ರದ್ದು.

ಒಂದೇ ಇಂಟು ಹಾಕಿದೆ, ದಪ್ಪಗೆ. ಅಂಟಿಸಿದೆ. ಹೊರಗೆ ಬಂದು ಸೂಚನೆಯ ಹಾಳೆಯನ್ನು ಮೇಷ್ಟ್ರ ಮುಂದಿಟ್ಟೆ.

"ಇಲ್ಲಿ ಬೇರೆ ಥರ ಐತಲ್ಲ ಮೇಷ್ಟ್ರೇ."

ಅವರು ಒಂದೇ ಉಸಿರಿಗೆ ಓದಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. ಆಮೇಲೆ ಅಂಟಿಸಿದ್ದ ತಮ್ಮ ಲಕೋಟೆಯನ್ನು ನೋಡುತ್ತ ಕೂತರು.

ಟಪಾಲು ಹೋಗುವ ಹೊತ್ತಾಗಿತ್ತು. "ಅದನ್ನೂ ಕೊಡಿ ಮೇಷ್ಟ್ರೇ, ಡಬ್ಬಕ್ಕೆ ಹಾಕಿ ಬತ್ತೀನಿ," ಎಂದೆ.

"ನನ್ನದು ಹಾಕಿ ಏನು ಬಂತು ಬಿಡಯ್ಯ. ನಿಂಗೊತ್ತಲ್ಲ."

"ಅಂಟಿಸಿದ ಲಕೋಟೆಯೊಳಗೆ ಏನೈತೆ ಅಂತ ನಂಗೆ ಹೆಂಗೆ ಗೊತ್ತಾಯ್ತದೆ?"

ಅವರು ನನ್ನ ಮುಖವನ್ನೊಮ್ಮೆ ನೋಡಿ ಲಕೋಟೆ ಕೊಟ್ಟರು. ಎರಡನ್ನೂ ಡಬ್ಬಕ್ಕೆ ಹಾಕಿ ಬಂದು, ಪೆಟ್ಟಿಗೆಗಳ ಪಕ್ಕದಲ್ಲಿ ನನ್ನ ಹಾಸಿಗೆ ಬಿಚ್ಚಿದೆ.